ನಿಷ್ಠುರದ ನುಡಿ, ದ್ವೇಷದ ನುಡಿ

ಶರಣಧರ್ಮದಲ್ಲಿ ನುಡಿಗಿರುವ ಮಹತ್ವ ಅಸಾಧಾರಣವಾದುದು. ವಚನವೆಂಬ ಶಬ್ದಕ್ಕೆ ಮಾತು ಎಂಬ ಅರ್ಥವಿರುವಂತೆ, ಕೊಟ್ಟ ಭಾಷೆ ಎಂಬ ಅರ್ಥವೂ ಉಂಟು. ಆಡುವವನು ಆಡಿದ ಮಾತಿಗೆ ಕಟ್ಟುಬಿದ್ದವನು. ಅವನ ಕರಸ್ಥಲದ ಇಷ್ಟಲಿಂಗವೇ ಆ ಮಾತಿಗೆ ಸಾಕ್ಷಿ. ಇಷ್ಟನ್ನು ಕೇಳಿದವರು, ಶರಣರು ಸದಾ ಇಂಪಾಗಿಯೇ ನುಡಿದರೆಂದು ಭಾವಿಸುವುದುಂಟು. ಅದು ಸರಿಯಲ್ಲ. ಜಾತಿಯ ಹಮ್ಮನ್ನು, ಯಜ್ಞದ ಹೆಸರಿನ ಪಶುವಧೆಯನ್ನು, ಡಾಂಭಿಕರ ಪೂಜೆಯನ್ನು ಅವರು ಖಂಡಿಸಿದ ರೀತಿ ಕಿವಿಗೆ ಕಠಿಣವಾದುದೇ. ಅಂಬಿಗರ ಚೌಡಯ್ಯನನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇಳುವವರ ಮನಸ್ಸು ನೊಂದಿತೆಂಬ ಒಂದೇ ಕಾರಣಕ್ಕೆ ಮಾತು ಅಪರಾಧವಾಗುವುದಾಗಿದ್ದರೆ, ಹನ್ನೆರಡನೆಯ ಶತಮಾನದ ಓಲೆಗರಿಗಳಲ್ಲಿ ಎಷ್ಟು ಉಳಿಯುತ್ತಿದ್ದವೋ!

ಹಾಗಾದರೆ ಮಾತಿಗೆ ಎಲ್ಲೆಯೇ ಇಲ್ಲವೇ? ಇದೆ. ಆ ಎಲ್ಲೆಯನ್ನು ಮಾತಿನ ಕಾಠಿಣ್ಯದಲ್ಲಿ ಹುಡುಕುವವರು ದಾರಿ ತಪ್ಪುತ್ತಾರೆ.

ಸಾಗರಕ್ಕೆ ದೂರವಲ್ಲದ ಬಳ್ಳಿಗಾವಿಯವರು ಅಲ್ಲಮಪ್ರಭುಗಳು. ಅಲ್ಲಿಗೆ ಸಮೀಪದ ಉಡುತಡಿಯವಳು ಮಹಾದೇವಿಯಕ್ಕ. ಕಲ್ಯಾಣದ ಅನುಭವಮಂಟಪದಲ್ಲಿ ಪ್ರಭುಗಳು ಆಕೆಗೆ ಹಾಕಿದ ಪ್ರಶ್ನೆಗಳು ಎಷ್ಟು ಉಗ್ರವೆಂಬುದನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ನಿರೂಪಿಸಿದೆ. ತುಂಬಿದ ಸಭೆಯಲ್ಲಿ ಒಬ್ಬ ತರುಣಿಯ ದಿಗಂಬರತೆಯನ್ನೇ ಪ್ರಶ್ನಿಸಿದ ಪ್ರಸಂಗವದು. ಆದರೆ ಅಲ್ಲಿ ಅಕ್ಕನಿಗೆ ಉತ್ತರಿಸುವ ಅವಕಾಶವಿತ್ತು, ಉತ್ತರವನ್ನು ಆಲಿಸುವ ಕಿವಿಗಳಿದ್ದವು, ಉತ್ತರ ಒಪ್ಪಿತವಾದಾಗ ತಲೆಬಾಗುವ ಪ್ರಾಮಾಣಿಕತೆಯಿತ್ತು. ಎದುರಾಳಿಯನ್ನು ಸಭೆಯೊಳಗೆ ಇರಿಸಿಕೊಂಡು ಆಡಿದ ಮಾತು ಎಷ್ಟೇ ನಿಷ್ಠುರವಾಗಿರಲಿ, ಅದು ಸಂವಾದ. ಎದುರಾಳಿಯನ್ನು ಸಭೆಯಿಂದ, ಊರಿನಿಂದ, ಕಡೆಗೆ ಬದುಕಿನಿಂದಲೇ ಹೊರಗಟ್ಟಲು ಆಡಿದ ಮಾತಿನ ಜಾತಿಯೇ ಬೇರೆ.

ತೀರ್ಥಹಳ್ಳಿಯ ಸೀಮೆ ನಿಷ್ಠುರ ನುಡಿಗೆ ಹೆಸರಾದುದು. ಕುಪ್ಪಳಿಯ ಕುವೆಂಪು 1944ರಲ್ಲಿ 'ಶೂದ್ರತಪಸ್ವಿ'ಯನ್ನು ಪ್ರಕಟಿಸಿ ಶಂಬೂಕನ ಕಥೆಯನ್ನು ಬೇರೆ ಬಗೆಯಲ್ಲಿ ನಿರೂಪಿಸಿದಾಗ ಮಾಸ್ತಿಯವರು ಆಕ್ಷೇಪಿಸಿದರು. ಅದು ಲೇಖನಿಯ ಆಕ್ಷೇಪ. ಅದಕ್ಕೆ ಲೇಖನಿಯೇ ಸಾಕಾಯಿತು. ಮೇಳಿಗೆಯ ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಹೊರಬಂದಾಗ ಒಂದು ಸಮಾಜದ ಹಲವರು ನಿಜವಾಗಿಯೂ ನೊಂದರು. ಅವರ ನೋವನ್ನು ಅಲ್ಲಗಳೆಯಬೇಕಾಗಿಲ್ಲ. 1970ರ ಚಲನಚಿತ್ರಕ್ಕೆ ಮೊದಲು ಪ್ರದರ್ಶನದ ಅನುಮತಿಯೇ ದೊರೆಯಲಿಲ್ಲ. ಬಳಿಕ ಅದೇ ಚಿತ್ರಕ್ಕೆ ರಾಷ್ಟ್ರದ ಅತ್ಯುನ್ನತ ಚಲನಚಿತ್ರ ಪ್ರಶಸ್ತಿ ಬಂದಿತು. ಆ ಕಾದಂಬರಿ ಆಚಾರವನ್ನು ಪ್ರಶ್ನಿಸಿತೇ ಹೊರತು ಯಾರ ಮನೆಯ ಮೇಲೂ ಯಾರನ್ನೂ ಛೂಬಿಡಲಿಲ್ಲ.

ಅದೇ ತೀರ್ಥಹಳ್ಳಿ ಮಾತಿನ ಮತ್ತೊಂದು ಮುಖವನ್ನೂ ಕಂಡಿದೆ. 2014ರಲ್ಲಿ ಬಾಲೆಯೊಬ್ಬಳ ಸಾವಿನ ತನಿಖೆ ಮುಗಿಯುವ ಮೊದಲೇ ಪಟ್ಟಣದ ಬೀದಿ ತೀರ್ಪು ಕೊಟ್ಟಿತ್ತು. ಮಾತು ಒಬ್ಬ ಮನುಷ್ಯನ ತಪ್ಪನ್ನು ಬಿಟ್ಟು ಒಂದು ಮತದವರೆಲ್ಲರ ಕಡೆಗೆ ಬೆರಳು ತೋರಿತು. ಕಲ್ಲು, ಬೆಂಕಿ ಹಿಂದೆಯೇ ಬಂದವು. ಅಂಗಡಿಯನ್ನು ಸುಟ್ಟವನು ಅದರ ಯಜಮಾನನ ಮುಖವನ್ನೂ ಅರಿತಿರಬೇಕಾಗಿರಲಿಲ್ಲ, ಅವನ ಹುಟ್ಟನ್ನು ಅರಿತಿದ್ದರೆ ಸಾಕಾಗಿತ್ತು. ದ್ವೇಷಾಪರಾಧವನ್ನು ಗುರುತಿಸುವ ಲಕ್ಷಣ ಇದೇ. ಸುಡುವುದು, ಬಡಿಯುವುದು ಹೇಗೂ ಅಪರಾಧಗಳೇ. ಆದರೆ ಬಲಿಪಶುವನ್ನು ಅವನ ಹುಟ್ಟಿನಿಂದ ಆರಿಸಿಕೊಂಡಾಗ ಆ ಪೆಟ್ಟು ಒಬ್ಬನಿಗೆ ಬಿದ್ದು ಸಾವಿರ ಮನೆಗಳನ್ನು ನಡುಗಿಸುತ್ತದೆ.

ಎಲ್ಲವೂ ಇಷ್ಟು ಸ್ಪಷ್ಟವಾಗಿರುವುದಿಲ್ಲ. 2022ರ ಮಾರ್ಚಿಯಲ್ಲಿ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಮಳಿಗೆ ಕೊಡಬಾರದೆಂಬ ಒತ್ತಾಯ ನಡೆದು, ಅದೇ ನಡೆಯಿತು. ಅಲ್ಲಿ ರಕ್ತ ಹರಿಯಲಿಲ್ಲ. 'ನಮ್ಮ ಜಾತ್ರೆ, ನಮ್ಮ ಮಾತು' ಎಂದು ಹಲವರು ಸಮರ್ಥಿಸಿದರು. ಆದರೆ ಬಳೆ, ಆಟಿಕೆ, ಮಿಠಾಯಿ ಮಾರಿ ವರ್ಷದ ಅಕ್ಕಿಗೆ ದಾರಿ ಮಾಡಿಕೊಳ್ಳುತ್ತಿದ್ದವನು ಆ ಮಾತಿಗೆ ಯಾವ ಮಾತಿನಿಂದ ಉತ್ತರಿಸಬೇಕಿತ್ತು? ಅವನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದು ಅವನ ಹೆಸರನ್ನು ಮಾತ್ರ. ದಾಸೋಹವನ್ನು ಬೋಧಿಸಿದ ಧರ್ಮದವರು ಪರರ ಅನ್ನಕ್ಕೆ ಅಡ್ಡವಾಗುವ ನುಡಿಯನ್ನು ಕೇವಲ ನುಡಿಯೆಂದು ಎಣಿಸಲಾರರು.

ರಾಜ್ಯಾಂಗದ 19ನೆಯ ವಿಧಿ ವಾಕ್ಸ್ವಾತಂತ್ರ್ಯವನ್ನು ಕೊಟ್ಟು, ಸಾರ್ವಜನಿಕ ಶಾಂತಿ, ಸದಾಚಾರ, ಅಪರಾಧಕ್ಕೆ ಪ್ರಚೋದನೆ ಮೊದಲಾದ ಕಾರಣಗಳಿಗಾಗಿ ಅದಕ್ಕೆ ಸಮಂಜಸವಾದ ನಿರ್ಬಂಧಗಳನ್ನೂ ಹೇಳಿದೆ. 2015ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂಬ ಮೂರನ್ನು ಬೇರ್ಪಡಿಸಿ, ಮೊದಲಿನ ಎರಡು ಎಷ್ಟೇ ಅಪ್ರಿಯವಾದರೂ ಸ್ವಾತಂತ್ರ್ಯದೊಳಗಿನವೆಂದು ವಿವರಿಸಿತು. ನ್ಯಾಯಶಾಸ್ತ್ರದ ಈ ವಿಂಗಡಣೆ ಶರಣರ ದೃಷ್ಟಿಗೆ ಬಹು ದೂರದ್ದಲ್ಲ. ಆದರೆ ಕಾನೂನು ಕೈಯನ್ನು ತಡೆಯಬಲ್ಲುದು; ನಾಲಗೆಯ ಹಿಂದಿರುವ ಮನಸ್ಸನ್ನು ಮುಟ್ಟಲಾರದು.

ಈ ವಿಷಯದಲ್ಲಿ ಅನ್ಯರನ್ನು ಎಣಿಸುತ್ತ ಕುಳಿತರೆ ಸಾಲದು. ವಚನಗಳ ಸಂಪಾದನೆಗೆ ಆಯುಷ್ಯವನ್ನೇ ಸವೆಸಿದ ಡಾ. ಎಂ. ಎಂ. ಕಲಬುರ್ಗಿಯವರ ಸಂಶೋಧನೆಯ ಕೆಲವು ಮಾತುಗಳು 1989ರಲ್ಲಿ ವೀರಶೈವ ಸಮಾಜದ ಹಲವರನ್ನು ಕೆರಳಿಸಿದವು. ಪ್ರಮಾಣಗಳಿಂದ ಖಂಡಿಸಬಹುದಾಗಿತ್ತು, ಖಂಡಿಸಬೇಕಾಗಿಯೂ ಇತ್ತೇನೋ. ಆದರೆ ನಡೆದದ್ದು ಒತ್ತಡ. ಅವರು ತಮ್ಮ ಮಾತನ್ನು ಹಿಂತೆಗೆದುಕೊಂಡರು. 2014ರಲ್ಲಿ ಮೂರ್ತಿಪೂಜೆಯ ಕುರಿತು ಅವರಾಡಿದ ಮಾತಿನ ಮೇಲೆ ಮತ್ತೆ ಕೋಲಾಹಲವೆದ್ದಿತು. 2015ರ ಆಗಸ್ಟ್ 30ರಂದು ಬೆಳಿಗ್ಗೆ ಧಾರವಾಡದಲ್ಲಿ ಅವರ ಮನೆಯ ಬಾಗಿಲಿಗೇ ಬಂದು ಗುಂಡಿಕ್ಕಿ ಕೊಂದರು. 1989ರ ಒತ್ತಡಕ್ಕೂ 2015ರ ಗುಂಡಿಗೂ ಸಂಬಂಧ ಕಲ್ಪಿಸುವುದು ಅನ್ಯಾಯ. ಆದರೂ ಪ್ರಮಾಣಕ್ಕೆ ಪ್ರಮಾಣ ಕೊಡಲಾರದ ಸಮಾಜ ವಿದ್ವಾಂಸನನ್ನು ಒಂಟಿಯಾಗಿ ಬಿಟ್ಟುಬಿಡುತ್ತದೆಂಬುದು ಸುಳ್ಳಲ್ಲ.

ಇನ್ನೂ ಹಿಂದಿನ ಮಾತು ಒಂದಿದೆ. ಏಕಾಂತದ ರಾಮಯ್ಯನು ಜೈನರೊಡನೆ ಪಂಥಕಟ್ಟಿ ಶಿರವನ್ನರಿದುಕೊಂಡು ಮರಳಿ ಪಡೆದ ಪವಾಡವನ್ನು ಅಬ್ಬಲೂರಿನ ಶಾಸನ ಹೇಳುತ್ತದೆ. ಭಕ್ತರು ಅದನ್ನು ಹಾಡುತ್ತಾರೆ. ಜಿನನ ಪ್ರತಿಮೆ ಭಗ್ನವಾದುದನ್ನೂ ಅದೇ ಶಾಸನ ಹೇಳುತ್ತದೆ. ಅಲ್ಲಿ ನಿಂತು ಯೋಚಿಸುವವರು ವಿರಳ. ವಾದದಲ್ಲಿ ಗೆದ್ದವನಿಗೆ ಪ್ರತಿಮೆಯನ್ನು ಒಡೆಯುವ ಅಧಿಕಾರ ಎಲ್ಲಿಂದ ಬಂದಿತು?

ಈ ಪ್ರಶ್ನೆಗೆ ಉತ್ತರ 1638ರ ಹಳೇಬೀಡಿನ ಶಾಸನದಲ್ಲಿದೆ. ಇಕ್ಕೇರಿ, ಬಿದನೂರುಗಳಲ್ಲಿ ವೀರಶೈವ ಅರಸರು ಆಳುತ್ತಿದ್ದ ಕಾಲವದು. ಹುಚ್ಚಪ್ಪದೇವರೆಂಬ ವೀರಶೈವರು ಹಳೇಬೀಡಿನ ವಿಜಯ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನೊತ್ತಿದರು. ಜೈನರು ಅದನ್ನು ಅಳಿಸಿದರು. ಎರಡು ಸಮಾಜಗಳು ಕೈಮಿಲಾಯಿಸುವ ಸಂದರ್ಭ. ಆಗ ವೀರಶೈವರ ಮಹಾಮಹತ್ತಿನ ಹಿರಿಯರು ಜೈನ ಪ್ರಮುಖರೊಡನೆ ಕೂಡಿ ವಿಚಾರಿಸಿದರು. ಬಸದಿಯಲ್ಲಿ ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಬಳಿಕ ಜೈನರು ತಮ್ಮ ಪೂಜೆಯನ್ನು ಹಿಂದಿನಂತೆಯೇ ನಡೆಸಿಕೊಂಡು ಬರಬೇಕೆಂದು ಗೊತ್ತುಮಾಡಿದರು. ಬಲವಿದ್ದವರು ತಮ್ಮ ಗೌರವವನ್ನು ಮುಂದಿಟ್ಟುಕೊಂಡ ಒಪ್ಪಂದವದು. ಇಂದಿನ ಕಣ್ಣಿಗೆ ಅದು ಪೂರ್ಣ ನ್ಯಾಯವೆನಿಸಲಾರದು. ಆದರೆ ಹಿರಿಯರು ಅಷ್ಟಕ್ಕೆ ನಿಲ್ಲಲಿಲ್ಲ. ಈ ಜೈನಧರ್ಮಕ್ಕೆ ಅಡ್ಡಿಯಾದವನು ಮಹಾಮಹತ್ತಿಗೆ ಹೊರಗಾದವನು, ಶಿವನಿಗೂ ಜಂಗಮಕ್ಕೂ ದ್ರೋಹಿ, ವಿಭೂತಿ ರುದ್ರಾಕ್ಷಿಗಳಿಗೆ ಅನರ್ಹನು ಎಂದು ತಮ್ಮವರನ್ನೇ ಕುರಿತು ಕಲ್ಲಿನಲ್ಲಿ ಬರೆಸಿದರು.