ನಾಯಕರ ನುಡಿ, ಮಕ್ಕಳ ಮನಸ್ಸು

2014ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಲ್ಲಿ, ಪ್ರಧಾನಮಂತ್ರಿ ನರೇಂದ್ರ ಮೋದಿಯವರು ದೆಹಲಿಯಿಂದ ಶಾಲಾಮಕ್ಕಳನ್ನು ಕುರಿತು ಮಾಡಿದ ಭಾಷಣವು ದೂರದರ್ಶನದ ಮೂಲಕ ದೇಶದಾದ್ಯಂತ ಪ್ರಸಾರವಾಯಿತು. ಇಂತಹ ಸಂದರ್ಭದಲ್ಲಿ ಮದ್ದೂರು, ಮಳವಳ್ಳಿ ಸೀಮೆಯ ತಂದೆಯೊಬ್ಬನ ಮನದಲ್ಲಿ ಎರಡು ಭಾವಗಳು ಮೂಡುವುದು ಸಹಜ. ನಾಡಿನ ಹಿರಿಯರು ತನ್ನ ಮಗುವಿನೊಡನೆ ವಿದ್ಯೆಯ ಮಾತನಾಡಿದರೆಂಬ ಹರ್ಷವೊಂದು. ಅಧಿಕಾರಪೀಠದಿಂದ ಬಂದ ನುಡಿಯೆಲ್ಲವೂ ಸತ್ಯವೆಂದು ಎಳೆಯ ಮನಸ್ಸು ನಂಬೀತೆಂಬ ಅಳುಕು ಮತ್ತೊಂದು. ಅಳುಕಿನಿಂದ ಮಗುವಿನ ಕಿವಿ ಮುಚ್ಚುವುದು ತರವಲ್ಲ. ಕೇಳಲೇಬೇಕೆಂದು ಕಟ್ಟುಮಾಡುವುದೂ ತರವಲ್ಲ.

ಶರಣರು ಪೀಠದ ಹಿರಿಮೆ ನೋಡಿ ಮಾತಿಗೆ ಬೆಲೆ ಕಟ್ಟಲಿಲ್ಲ. ನುಡಿಯನ್ನು ನಡೆಯ ಒರೆಗಲ್ಲಿಗೆ ಹಚ್ಚಿದರು. ಮಂಡ್ಯದ ರಾಜಕೀಯ ಧುರೀಣರಾದ ಕೆ.ವಿ. ಶಂಕರಗೌಡರು 1962ರಲ್ಲಿ ಅಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿದರು. ವಿದ್ಯೆಯನ್ನು ಕುರಿತ ನಾಯಕನ ಮಾತಿಗೆ ಇಂತಹ ಕಾರ್ಯವೇ ಸಾಕ್ಷಿ.

ಆದುದರಿಂದ ಗೃಹಸ್ಥನು, ಭಾಷಣ ಕೇಳಿ ಬಂದ ಮಗುವನ್ನು “ಏನು ಹೇಳಿದರು?” ಎಂದಷ್ಟೇ ಕೇಳಿ ಸುಮ್ಮನಾಗದೆ, “ಹೇಳಿದುದು ನಡೆದಿದೆಯೇ?” ಎಂದೂ ವಿಚಾರಿಸಲಿ. ನಾಯಕನನ್ನು ಒರೆಗೆ ಹಚ್ಚಲು ಕಲಿತ ಮಗುವು ಮೊದಲು ಹಚ್ಚುವುದು ತಂದೆಯನ್ನೇ. ತಾನು ಪುಸ್ತಕ ಮುಟ್ಟದೆ ಮಕ್ಕಳಿಗೆ ಓದೆನ್ನುವವನ ನುಡಿಯೂ ಬರಿಯ ಭಾಷಣವೇ ಸರಿ.