ನಾಲ್ಕು ಮೊಳದ ನೋಟ, ಎರಡು ಮೈಲಿಯ ನೋಟ

ಜೈನ ಮುನಿಗಳು ವಿಹಾರಕ್ಕೆ ಹೊರಟಾಗ ಅವರ ದೃಷ್ಟಿ ನೆಲದ ಮೇಲಿರುತ್ತದೆ. ಹಗಲಿನ ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳದಷ್ಟು ದಾರಿಯನ್ನು ನೋಡಿಕೊಂಡು, ಅಲ್ಲಿ ಇರುವೆಯಾಗಲಿ ಹಸುರು ಮೊಳಕೆಯಾಗಲಿ ಕಾಲಿಗೆ ಸಿಕ್ಕದಂತೆ ಹೆಜ್ಜೆಯಿಡಬೇಕೆಂಬುದು ಈರ್ಯಾಸಮಿತಿಯ ವಿಧಿ. ಈ ನೋಟಕ್ಕೆ ಕುತೂಹಲ ಕಾರಣವಲ್ಲ, ದಾರಿಯ ಸೊಬಗನ್ನು ಸವಿಯುವ ಆಸೆಯೂ ಕಾರಣವಲ್ಲ. ಜೀವವೊಂದು ತನ್ನಿಂದ ನೋಯದಿರಲಿ ಎಂಬುದೊಂದೇ ಅದರ ಉದ್ದೇಶ. ಅಹಿಂಸೆಯ ಆಚರಣೆ ಕೈಯಿಂದಲ್ಲ, ಕಣ್ಣಿನಿಂದ ಆರಂಭವಾಗುತ್ತದೆ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ನೋಟವೂ ಲೋಕದಲ್ಲಿದೆ. ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯಲ್ಲಿ ಮರಗಳು ವಿರಳ. ಕುರುಚಲು ಗಿಡ ಹಬ್ಬಿದ ಬೋಳು ಇಳಿಜಾರುಗಳೇ ಹೆಚ್ಚು. ಕರ್ನಾಟಕದ ಕಡವೆಗೆ ದೂರದ ಬಂಧುವೆನ್ನಬಹುದಾದ ಕೆಂಜಿಂಕೆಗಳು ಅಲ್ಲಿ ಮೇಯುತ್ತವೆ. ಬೇಟೆಗಾರನು ಎತ್ತರವಾದ ಜಾಗವನ್ನು ಸೇರಿ, ಬೆನ್ನಮೇಲೆ ಮಲಗಿ, ಮಡಿಸಿದ ಮೊಣಕಾಲಿಗೆ ಹಿತ್ತಾಳೆಯ ದುರ್ಬೀನನ್ನು ಆನಿಸಿ, ಎದುರಿನ ಬೆಟ್ಟವನ್ನು ಅಂಗುಲಂಗುಲವಾಗಿ ಶೋಧಿಸುವ ಪದ್ಧತಿ ಅಲ್ಲಿ 19ನೆಯ ಶತಮಾನದಿಂದಲೂ ಪ್ರಸಿದ್ಧವಾಗಿದೆ. ಅಮೆರಿಕದ ಪಶ್ಚಿಮ ರಾಜ್ಯಗಳ ಬಯಲುಗಳಲ್ಲಿ ದೊಡ್ಡ ಕಿವಿಯ ಮ್ಯೂಲ್ ಡಿಯರ್ ಎಂಬ ಜಿಂಕೆಯನ್ನು ಅರಸುವವರದೂ ಬಹುಮಟ್ಟಿಗೆ ಇದೇ ಕ್ರಮ. ಮೊದಲು ಹತ್ತು ಪಟ್ಟು ಹಿಗ್ಗಿಸುವ ಬೈನಾಕ್ಯುಲರಿನಿಂದ ಬಯಲನ್ನೆಲ್ಲ ಜಾಲಿಸುತ್ತಾರೆ. ಏನಾದರೂ ಕಂಡರೆ ಮುಕ್ಕಾಲಿಯ ಮೇಲೆ ನಿಲ್ಲಿಸಿದ ಸ್ಪಾಟಿಂಗ್ ಸ್ಕೋಪ್ ಎಂಬ ಒಂಟಿಗಣ್ಣಿನ ದುರ್ಬೀನಿನಿಂದ ಅದನ್ನು ಪರೀಕ್ಷಿಸುತ್ತಾರೆ. ಈ ಯಂತ್ರದ ಶಕ್ತಿ ಸಾಮಾನ್ಯವಾಗಿ 20ರಿಂದ 60 ಪಟ್ಟಿನವರೆಗೆ ಇರುತ್ತದೆ. 40 ಪಟ್ಟಿಗೆ ಹೊಂದಿಸಿದಾಗ 2 ಮೈಲಿ ದೂರದ ಜಿಂಕೆ ಸುಮಾರು 80 ಮೀಟರ್ ಅಂತರದಲ್ಲಿ ನಿಂತಂತೆ ಕಾಣುತ್ತದೆ. ಅದರ ಕಿವಿ ಅಲುಗುವುದು, ಕೊಂಬಿನ ಕವಲುಗಳು, ಮಗ್ಗುಲಲ್ಲಿ ಮಲಗಿದ ಮರಿ, ಎಲ್ಲವೂ ಗೋಚರವಾಗುತ್ತವೆ.

ಜಿಂಕೆಗೆ ಮಾತ್ರ ಇದಾವುದೂ ತಿಳಿಯದು. ಅದರ ಮೂಗು, ಕಿವಿ, ತಲೆಯ ಎರಡು ಬದಿಗಿರುವ ಅಗಲನೋಟದ ಕಣ್ಣುಗಳು ಹತ್ತಿರ ಸುಳಿಯುವ ಅಪಾಯವನ್ನು ಅರಿಯುವುದಕ್ಕೆ ಒದಗಿಬಂದಿರುವಂಥವು. ಮೈಲಿಯಾಚೆಯ ಗಾಜಿನ ಹಿಂದಿರುವ ಕಣ್ಣು ಅವುಗಳ ಎಲ್ಲೆಗೆ ಬರುವುದೇ ಇಲ್ಲ. ಬಯಲಿನ ಪ್ರಾಣಿಗೆ ದೂರವೇ ಕೋಟೆ, ದೂರವೇ ಅಭಯ. ಚತುರ್ವಿಧ ದಾನಗಳಲ್ಲಿ ಅಭಯದಾನವನ್ನು ಶ್ರೇಷ್ಠವೆಂದು ಹೊಗಳಿರುವ ಪರಂಪರೆಗೆ ಸೇರಿದವರು ಇಲ್ಲಿ ಒಂದು ಪ್ರಶ್ನೆಯನ್ನು ಎದುರಿಸಲೇಬೇಕಾಗುತ್ತದೆ. ಪ್ರಾಣಿಗೆ ನಿಸರ್ಗವೇ ಕೊಟ್ಟಿದ್ದ ಅಭಯವನ್ನು ಅದಕ್ಕೆ ಅರಿವಿಲ್ಲದೆ ಕಸಿದುಕೊಳ್ಳುವ ಆ ನೋಟವು ಬರಿಯ ನೋಟವೆ, ಅಥವಾ ಹಿಂಸೆಯ ಮೊದಲ ಹೆಜ್ಜೆಯೆ?

ಬೇಟೆಗಾರನ ಪರವಾದ ವಾದವನ್ನು ನ್ಯಾಯವಾಗಿ ಕೇಳದೆ ತಳ್ಳಿಹಾಕುವುದು ಅನೇಕಾಂತವನ್ನು ಒಪ್ಪಿದವರಿಗೆ ತಕ್ಕುದಲ್ಲ. ದುರ್ಬೀನು ಬೇಟೆಯ ಕ್ರೌರ್ಯವನ್ನು ತಗ್ಗಿಸುತ್ತದೆ ಎಂಬುದು ಅವನ ಮುಖ್ಯವಾದ ಮಾತು. ದೂರದಿಂದಲೇ ಗಂಡು ಹೆಣ್ಣು, ಎಳೆಯದು ಮುದಿಯದು ಎಂಬುದನ್ನು ಗುರುತಿಸಿದರೆ ಮರಿಯಿರುವ ತಾಯಿಗೆ ಗುಂಡು ತಗಲುವುದಿಲ್ಲ. ಅವಸರದ ಏಟಿನಿಂದ ಗಾಯಗೊಂಡ ಪ್ರಾಣಿ ಪೊದೆಗಳಲ್ಲಿ ನರಳುತ್ತ ಸಾಯುವ ಪ್ರಸಂಗ ಕಡಿಮೆಯಾಗುತ್ತದೆ. ಕೋವಿಗೆ ಜೋಡಿಸಿದ ಮಸೂರದಿಂದ ಸುತ್ತಲೂ ನೋಡುತ್ತ ಹೋಗಬಾರದು, ಏಕೆಂದರೆ ಹಾಗೆ ನೋಡುವಾಗ ಕೋವಿಯ ಬಾಯಿ ಯಾವನೋ ದಾರಿಹೋಕನ ಕಡೆಗೂ ತಿರುಗಬಹುದು ಎಂದು ಅಲ್ಲಿನ ಬೇಟೆಯ ಶಿಕ್ಷಣದಲ್ಲಿಯೇ ಕಲಿಸುತ್ತಾರೆ. ನೋಡುವ ಉಪಕರಣ ಬೇರೆ, ಕೊಲ್ಲುವ ಉಪಕರಣ ಬೇರೆ ಎಂಬ ಈ ವಿವೇಕ ಸಣ್ಣದಲ್ಲ. 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮುಂತಾದವರು ಸ್ಥಾಪಿಸಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬು ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶವಿರಬೇಕೆಂಬ ನಿಯಮವನ್ನು ಬೇಟೆಗಾರರಲ್ಲಿಯೇ ಪ್ರಚಾರಮಾಡಿತು. ಕಾಡಿನಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮರಾಗಳನ್ನು ಬೇಟೆಗೆ ಬಳಸುವುದನ್ನು ಅರಿಜೋನಾ ರಾಜ್ಯವು 2022ರ ಆರಂಭದಿಂದ ನಿಷೇಧಿಸಿದೆ. ಯಂತ್ರದ ಕಣ್ಣಿಗೆ ಎಲ್ಲಿ ಮಿತಿ ಹಾಕಬೇಕೆಂಬ ಅಳುಕು ಕೊಲ್ಲುವವರನ್ನೂ ಕಾಡುತ್ತಿದೆ ಎಂಬುದಕ್ಕೆ ಇವು ಸಾಕ್ಷಿ.

ಈ ವಾದದಲ್ಲಿ ಒಪ್ಪತಕ್ಕ ಅಂಶವುಂಟು. ಹತ್ತು ಪ್ರಾಣಿಗಳನ್ನು ನೋಯಿಸುವುದಕ್ಕಿಂತ ಒಂದನ್ನು ನೋಯಿಸುವುದು ಅಲ್ಪಹಿಂಸೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಅಣುವ್ರತಗಳ ವ್ಯವಸ್ಥೆಯೇ ತರತಮವನ್ನು ಗುರುತಿಸುವಂಥದು. ಆದರೆ ಅಲ್ಪವಾದ ಹಿಂಸೆ ಅಹಿಂಸೆಯಾಗದು. ಗೃಹಸ್ಥನಿಗೆ ಅಡುಗೆ, ಕೃಷಿ, ವ್ಯಾಪಾರಗಳಲ್ಲಿ ಒದಗುವ ಹಿಂಸೆ ಅನಿವಾರ್ಯವೆಂದು ಆಚಾರ್ಯರು ಒಪ್ಪಿದ್ದಾರೆ. ಆತ್ಮರಕ್ಷಣೆಯ ವಿಷಯದಲ್ಲಿಯೂ ರಿಯಾಯಿತಿಯಿದೆ. ಸಂಕಲ್ಪಪೂರ್ವಕವಾದ ಹಿಂಸೆಗೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ವಿನೋದದ ಬೇಟೆಯು ಸಂಕಲ್ಪಹಿಂಸೆಯ ಶುದ್ಧ ಉದಾಹರಣೆ. ಸಪ್ತವ್ಯಸನಗಳಲ್ಲಿ ಅದಕ್ಕೆ ಸ್ಥಾನವಿರುವುದು ಆ ಕಾರಣದಿಂದಲೇ.

ಸಂಕಲ್ಪವು ಯಾವ ಕ್ಷಣದಲ್ಲಿ ಹಿಂಸೆಯಾಗುತ್ತದೆ ಎಂಬುದನ್ನು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದ ಆಸ್ರವವಿಚಾರ ಬಹು ಸೂಕ್ಷ್ಮವಾಗಿ ಬಿಡಿಸುತ್ತದೆ. ಕಾರ್ಯವನ್ನು ಮನಸ್ಸಿನಲ್ಲಿ ನಿಶ್ಚಯಿಸುವುದು ಸಂರಂಭ, ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸುವುದು ಸಮಾರಂಭ, ಕಾರ್ಯಕ್ಕೆ ತೊಡಗುವುದು ಆರಂಭ. ಈ 3ನ್ನು ಮನೋವಾಕ್ಕಾಯಗಳೆಂಬ 3ರಿಂದಲೂ, ತಾನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ 3ರಿಂದಲೂ, ಕ್ರೋಧ ಮಾನ ಮಾಯಾ ಲೋಭಗಳೆಂಬ 4ರಿಂದಲೂ ಗುಣಿಸಿದರೆ 108 ಭೇದಗಳಾಗುತ್ತವೆ. ಜಪಮಾಲೆಯ 108 ಮಣಿಗಳಿಗೆ ಈ ಲೆಕ್ಕವನ್ನು ಹೇಳುವ ರೂಢಿಯೂ ಉಂಟು. ಗುಂಡು ಹಾರುವುದು ಇದರಲ್ಲಿ ಕೊನೆಯ ಮೆಟ್ಟಿಲು ಮಾತ್ರ. ಬೆಳಗಿನ ಜಾವದಲ್ಲಿ ದುರ್ಬೀನನ್ನು ಹೆಗಲಿಗೇರಿಸಿ ಹೊರಟವನಿಗೆ ಜಿಂಕೆ ಇನ್ನೂ ಕಂಡಿರುವುದಿಲ್ಲ. ಸಂರಂಭ ಮುಗಿದಿರುತ್ತದೆ, ಸಮಾರಂಭ ನಡೆದಿರುತ್ತದೆ. ಅವನಲ್ಲಿ ಕ್ರೋಧವಿಲ್ಲದಿರಬಹುದು. ಆದರೆ ಕೊಂಬಿನ ಕವಲುಗಳನ್ನು ಎಣಿಸುವಾಗ ಮಾನವುಂಟು, ಗಾಳಿಗೆ ಎದುರಾಗಿ ತೆವಳಿ ಮರೆಯಲ್ಲಿ ಸಮೀಪಿಸುವಾಗ ಮಾಯೆಯುಂಟು, ಇದಕ್ಕಿಂತ ದೊಡ್ಡದು ಸಿಕ್ಕೀತೆಂಬಲ್ಲಿ ಲೋಭವುಂಟು. ದಿನವೆಲ್ಲ ನೋಡಿ ಏನೂ ಕಾಣದೆ ಬರಿಗೈಯಲ್ಲಿ ಹಿಂದಿರುಗಿದವನೂ ಬಂಧದಿಂದ ಪಾರಾದವನಲ್ಲ. ದೊಡ್ಡ ಮೀನಿನ ಆಶ್ರಯದಲ್ಲಿದ್ದು, ಅದರ ಬಾಯಿಂದ ಪಾರಾಗಿ ಹೋಗುತ್ತಿದ್ದ ಮೀನುಗಳನ್ನೆಲ್ಲ ತಾನಾದರೆ ತಿಂದುಬಿಡುತ್ತಿದ್ದೆನೆಂದು ಭಾವಿಸಿ, ಒಂದನ್ನೂ ತಿನ್ನದೆಯೇ ನರಕಕ್ಕಿಳಿದ ತಂದುಲಮತ್ಸ್ಯದ ಕಥೆ ಬೋಧಿಸುವುದೂ ಇದನ್ನೇ.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸಬೇಕಾಗಿದೆ. ಹಿಂಸೆಗೆ ಮೂಲ ಪ್ರಮಾದವೆಂದು ಶಾಸ್ತ್ರ ಹೇಳುತ್ತದೆ. ಪ್ರಮಾದವೆಂದರೆ ಬರಿಯ ಅಜಾಗರೂಕತೆಯೆಂದು ತಿಳಿದರೆ, ಗಂಟೆಗಟ್ಟಲೆ ಕದಲದೆ ಚಳಿಯನ್ನು ಸಹಿಸಿ ಒಂದೇ ಇಳಿಜಾರನ್ನು ನೋಡುತ್ತಿರುವ ಬೇಟೆಗಾರನಷ್ಟು ಅಪ್ರಮತ್ತರು ಯಾರೂ ಇಲ್ಲವೆಂದಾದೀತು. ಅವನ ಸಹನೆ, ಏಕಾಗ್ರತೆಗಳು ತಪಸ್ಸಿನಂತೆಯೇ ತೋರುತ್ತವೆ. ಆದರೆ ಕಷಾಯಕ್ಕೆ ವಶವಾದ ಮನಸ್ಸಿನ ಸ್ಥಿತಿಯೇ ಪ್ರಮಾದ. ಎಚ್ಚರವು ಕಷಾಯದ ಸೇವೆಗೆ ನಿಂತಾಗ ಪ್ರಮಾದ ಕಡಿಮೆಯಾಗುವುದಿಲ್ಲ, ಹರಿತವಾಗುತ್ತದೆ. ಏಕಾಗ್ರತೆ ತಾನಾಗಿ ಸದ್ಗುಣವಲ್ಲವೆಂಬುದನ್ನು ಬಲ್ಲ ಆಚಾರ್ಯರು ಧ್ಯಾನವನ್ನು ನಾಲ್ಕಾಗಿ ವಿಂಗಡಿಸಿ, ಧರ್ಮ್ಯ ಶುಕ್ಲಗಳೊಂದಿಗೆ ಆರ್ತ ರೌದ್ರಗಳನ್ನೂ ಧ್ಯಾನವೆಂದೇ ಕರೆದರು. ಹಿಂಸೆಯಲ್ಲಿ ಆನಂದಿಸುವ ಚಿತ್ತೈಕಾಗ್ರ್ಯವು ರೌದ್ರಧ್ಯಾನದ ಮೊದಲನೆಯ ಭೇದ.

ಹೀಗೆ ಪಳಗಿದ ಕಣ್ಣು ಜಿಂಕೆಯ ಬಳಿಯೇ ನಿಲ್ಲುವುದಿಲ್ಲವೆಂಬುದಕ್ಕೆ ಇತಿಹಾಸವೇ ಸಾಕ್ಷಿಯಿದೆ. 1900ರಲ್ಲಿ ದಕ್ಷಿಣ ಆಫ್ರಿಕದ ಬೋಅರ್ ಯುದ್ಧಕ್ಕಾಗಿ ಲಾರ್ಡ್ ಲೋವಟ್ ಎಂಬ ಜಮೀನುದಾರನು ಸ್ಕಾಟ್ಲೆಂಡಿನಲ್ಲಿ ಒಂದು ಪಡೆಯನ್ನು ಕಟ್ಟಿದನು. ಅದಕ್ಕೆ ಅವನು ಆರಿಸಿಕೊಂಡವರು ಬೆಟ್ಟಸೀಮೆಯ ಜಿಂಕೆಬೇಟೆಯ ಆಳುಗಳು. ದುರ್ಬೀನಿನಿಂದ ದೂರದ ಜಿಂಕೆಯನ್ನು ಗುರುತಿಸಬಲ್ಲವರು ದೂರದ ಶತ್ರುವನ್ನೂ ಗುರುತಿಸಬಲ್ಲರೆಂಬುದು ಅವನ ಎಣಿಕೆ. ಆ ಎಣಿಕೆ ಸುಳ್ಳಾಗಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿಯೂ ಅದೇ ಪಡೆಯವರು ದುರ್ಬೀನು ಹಿಡಿದು ಎದುರು ಕಂದಕಗಳ ಮನುಷ್ಯರನ್ನು ನೋಡಿದರು. ಕೊಲ್ಲುವುದಕ್ಕಾಗಿ ನೋಡುವ ಅಭ್ಯಾಸಕ್ಕೆ ಗುರಿ ಬದಲಾದರೆ ಸಾಕು, ಬೇರೆ ಶಿಕ್ಷಣ ಬೇಕಾಗುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಕಠಿಣವಾದುದು. ಸ್ಕಾಟ್ಲೆಂಡಿನಲ್ಲಿ ತೋಳಗಳು ಶತಮಾನಗಳ ಹಿಂದೆಯೇ ನಿರ್ನಾಮವಾದವು. ಜಿಂಕೆಗಳ ಸಂಖ್ಯೆ ಮಿತಿಮೀರಿದಲ್ಲಿ ಎಳೆಯ ಸಸಿಗಳು ಮರವಾಗಲಾರವು. ಚಳಿಗಾಲದಲ್ಲಿ ಮೇವಿಲ್ಲದೆ ಜಿಂಕೆಗಳೂ ಸಾಯುತ್ತವೆ. ಆದುದರಿಂದ ಕೆಲವನ್ನು ಕೊಲ್ಲುವುದೇ ಉಳಿದವಕ್ಕೆ ದಯೆಯೆಂದು ಅರಣ್ಯದ ಹೊಣೆ ಹೊತ್ತವರು ಹೇಳುತ್ತಾರೆ. ಅವರ ನಯದಿಂದ ನೋಡಿದಾಗ ಆ ಮಾತು ನಿರಾಧಾರವಲ್ಲ. ಕರ್ತವ್ಯವೆಂದು ಮನಸ್ಸಿಲ್ಲದೆ ಕೋವಿ ಎತ್ತುವವನ ಭಾವಕ್ಕೂ, ಗೋಡೆಗೆ ಕೊಂಬು ಬೇಕೆಂದು ಹಣ ತೆತ್ತು ಬಂದವನ ಭಾವಕ್ಕೂ ಅಂತರವಿದೆ. ಭಾವ ಬೇರೆಯಾದಂತೆ ಬಂಧವೂ ಬೇರೆ. ಆದರೂ ಒಂದು ಸಂಗತಿ ಉಳಿಯುತ್ತದೆ. ತೋಳವನ್ನು ಕೊಂದದ್ದರಿಂದ ಜಿಂಕೆಯನ್ನು ಕೊಲ್ಲಬೇಕಾಯಿತು. ಒಂದು ಹಿಂಸೆ ಮತ್ತೊಂದನ್ನು ಅನಿವಾರ್ಯವೆನಿಸುವಂತೆ ಮಾಡಿತು. ಅನಿವಾರ್ಯವೆನಿಸಿದ್ದನ್ನು ಮರುಗುತ್ತ ನೋಡಬಹುದೇ ಹೊರತು ಅದನ್ನು ಧರ್ಮವೆಂದು ಕೊಂಡಾಡಲಾಗದು.

ಇಷ್ಟಕ್ಕೂ ದೂರದೇಶದ ಬೇಟೆಯಿಂದ ಶ್ರಾವಕರಿಗೇನು ಎಂದು ಕೇಳಬಹುದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಿಂಕೆಯ ಬೇಟೆಯನ್ನು ಅಪರಾಧವಾಗಿಸಿದೆ. ಆದರೆ ಜೈನ ಕುಟುಂಬಗಳು ಇಂದು ಅಮೆರಿಕ, ಇಂಗ್ಲೆಂಡುಗಳಲ್ಲಿಯೂ ನೆಲೆಸಿವೆ. ಅಲ್ಲಿ ಅದೇ ಕಾರ್ಯ ಪರವಾನಗಿಯುಳ್ಳ ವಿನೋದ. ಕಾನೂನು ಮೌನವಾಗಿರುವಲ್ಲಿ ವ್ರತವೇ ಮಾತಾಡಬೇಕಾಗುತ್ತದೆ. ಅಂಥ ಊರಿನಲ್ಲಿ ಮಸೂರಗಳ ವ್ಯಾಪಾರ ಮಾಡುವ ಶ್ರಾವಕನೊಬ್ಬನ ಅಂಗಡಿಗೆ ಗಿರಾಕಿಯೊಬ್ಬ ಬಂದು, ಬರುವ ವಾರದ ಬೇಟೆಗೆ ತಕ್ಕ ದುರ್ಬೀನು ಯಾವುದೆಂದು ಕೇಳಿದನೆಂದುಕೊಂಡರೆ, ಅವನು ಏನು ಮಾಡತಕ್ಕದ್ದು?

ಅನರ್ಥದಂಡವ್ರತದಲ್ಲಿ ಹಿಂಸಾದಾನವೆಂಬ ದೋಷವನ್ನು ಹೇಳಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅದಕ್ಕೆ ಕೊಡುವ ಉದಾಹರಣೆಗಳೊಳಗೆ ಕತ್ತಿಯ ಜೊತೆಗೆ ಗುದ್ದಲಿಯೂ ಬೆಂಕಿಯೂ ಇವೆ. ಇದು ಗಮನಾರ್ಹ. ಗುದ್ದಲಿ, ಬೆಂಕಿಗಳಿಲ್ಲದ ಮನೆಯಿಲ್ಲ. ಅವು ಸ್ವತಃ ದುಷ್ಟವಸ್ತುಗಳಲ್ಲ. ದೋಷವಿರುವುದು ವಸ್ತುವಿನಲ್ಲಲ್ಲ, ಹಿಂಸೆಗೆಂದು ಅದನ್ನು ಒದಗಿಸುವ ಕೈಯಲ್ಲಿ. ದುರ್ಬೀನೂ ಹಾಗೆಯೇ ಅಜೀವವಾದ ಅಧಿಕರಣ. ನಕ್ಷತ್ರ ನೋಡುವವನಿಗೆ, ಹಕ್ಕಿ ನೋಡುವ ಬಾಲಕನಿಗೆ ಅದನ್ನು ಮಾರುವುದರಲ್ಲಿ ಕುಂದಿಲ್ಲ. ಕೊಂಡವನು ಮುಂದೆ ಏನು ಮಾಡುವನೆಂದು ತಿಳಿಯದಿದ್ದರೆ ಮಾರಿದವನಿಗೆ ಅದರ ಹೊಣೆಯೂ ಇಲ್ಲ. ಆದರೆ ಉದ್ದೇಶವನ್ನು ಬಾಯಿಬಿಟ್ಟು ಹೇಳಿದ ಮೇಲೆ, ಯಾವ ಮಸೂರದಲ್ಲಿ ಮುಸ್ಸಂಜೆಯ ಮಬ್ಬಿನಲ್ಲೂ ಜಿಂಕೆಯ ಮೈ ಸ್ಪಷ್ಟವಾಗಿ ಕಂಡೀತೆಂದು ವಿವರಿಸುತ್ತ ನಿಲ್ಲುವುದು ವ್ಯಾಪಾರದ ಮರೆಯಲ್ಲಿ ನಡೆಯುವ ಅನುಮೋದನೆ. ಒಂದು ಮಾರಾಟವನ್ನು ವಿನಯದಿಂದ ಬಿಟ್ಟುಕೊಡುವುದು ನಷ್ಟ, ನಿಜ. ವ್ರತಕ್ಕೆ ಬೆಲೆಯಿರುವುದು ಅಂಥ ನಷ್ಟದಿಂದಲೇ. ಗಿರಾಕಿಯನ್ನು ನಿಂದಿಸಬೇಕಾಗಿಲ್ಲ, ಉಪದೇಶಿಸಬೇಕಾಗಿಯೂ ಇಲ್ಲ. ತನ್ನ ಕೈಯನ್ನು ಹಿಂದೆಗೆದುಕೊಂಡರೆ ಸಾಕು. ಬಸದಿಗಳ ಧನವನ್ನು ಹೂಡುವ ಟ್ರಸ್ಟುಗಳಿಗೂ ಇದೇ ಅಳತೆ ಸಲ್ಲುತ್ತದೆ.

ನೇಮಿನಾಥ ಸ್ವಾಮಿಯು ಮದುವೆಯ ದಿಬ್ಬಣದಲ್ಲಿ ಸಾಗುತ್ತಿದ್ದಾಗ ದಾರಿಯ ಬದಿಯಲ್ಲಿ ಕೂಡಿಹಾಕಿದ್ದ ಮೃಗಗಳನ್ನು ಕಂಡನು. ದಿಬ್ಬಣದವರೆಲ್ಲರ ಕಣ್ಣಿಗೂ ಅವು ಬಿದ್ದಿದ್ದವು. ನಿಂತು ಕೇಳಿದವನು ಅವನೊಬ್ಬನೇ. ಆ ಒಂದು ನೋಟ ಅವನನ್ನು ಗಿರಿನಾರದ ಕಡೆಗೆ ತಿರುಗಿಸಿತು. ಹದಿನಾರನೆಯ ತೀರ್ಥಂಕರನಾದ ಶಾಂತಿನಾಥನ ಪೀಠದಲ್ಲಿ ಲಾಂಛನವಾಗಿ ಜಿಂಕೆಯಿದೆ. ದರ್ಶನಕ್ಕೆ ಹೋದವರು ದಿನವೂ ಅದನ್ನು ನೋಡುತ್ತಾರೆ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿಯೇ ಅಭಯಧಾಮವೊಂದು ಸ್ಥಾಪಿತವಾಯಿತು. ಅಲ್ಲಿಯೂ ದುರ್ಬೀನು ಹಿಡಿದು ಬಯಲನ್ನು ನೋಡುವವರಿದ್ದಾರೆ. ಗಾಜು ಅದೇ, ಬಯಲೂ ಅಂಥದೇ. ಕಂಡ ಮೃಗವು ನೋಡಿದವನಿಂದ ಏನನ್ನೂ ಕಳೆದುಕೊಳ್ಳದೆ ಮೇಯುತ್ತ ಹೋಗುತ್ತದೆ.

ಮಸೂರವು ದೂರದ ಜೀವವನ್ನು ಕಣ್ಣಿಗೆ ಹತ್ತಿರ ತರಬಲ್ಲದು. ಆ ಜೀವವೂ ತನ್ನಂತೆಯೇ ಬದುಕಲು ಬಯಸುತ್ತದೆಂಬ ಅರಿವನ್ನು ಅದು ತಂದುಕೊಡಲಾರದು. ಆ ಅರಿವಿಲ್ಲದವನಿಗೆ ಎರಡು ಮೈಲಿ ಕಂಡರೂ ಕಂಡದ್ದು ಬರಿಯ ಗುರಿ. ಅರಿವುಳ್ಳವನಿಗೆ ನಾಲ್ಕು ಮೊಳದ ನೆಲದಲ್ಲಿಯೇ ಜೀವಲೋಕವೆಲ್ಲ ಕಾಣುತ್ತದೆ.