ಆಂಟಿ ಹೆಣೆದ ಟೊಪ್ಪಿ ಯಾರದು?

ಕೂತ್ಕೊಳ್ಳಿ. ಒಂದನೆಯ ಸಮುವೇಲ 2ನೇ ಅಧ್ಯಾಯ, 19ನೇ ವಚನ ತೆರೆಯಿರಿ. ಅಲ್ಲೊಂದು ಬೆರಳಿಟ್ಟುಕೊಂಡು ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯವನ್ನೂ ತೆಗೆದಿಟ್ಟುಕೊಳ್ಳಿ. ಮೊಬೈಲ್‌ನಲ್ಲಿ ಓದೋರು ಇವತ್ತು ಸ್ವಲ್ಪ ಕಷ್ಟಪಡಬೇಕು.

ಇವತ್ತಿನ ವಿಷಯ ಟೊಪ್ಪಿ. ನಗಬೇಡಿ. ನಮ್ಮ ಸಭೆಯಲ್ಲಿ ಒಬ್ಬ ಹಿರಿಯ ಸಹೋದರಿ ಇದ್ದಾರೆ. ಅಕ್ಟೋಬರ್ ಬಂತು ಅಂದ್ರೆ ಸಾಕು, ಬ್ಯಾಗಿನಲ್ಲಿ ಉಲ್ಲನ್ ಉಂಡೆ, ಕಡ್ಡಿ ಇಟ್ಟುಕೊಂಡು ಓಡಾಡ್ತಾರೆ. ಕ್ರಿಸ್ಮಸ್‌ಗೆ ಮನೆಯವರಿಗೆ, ಸ್ನೇಹಿತರಿಗೆ, ಒಬ್ಬೊಬ್ಬರಿಗೂ ಒಂದೊಂದು ಟೊಪ್ಪಿ. ಕಳೆದ ವರ್ಷ ಅಣ್ಣನ ಮಗನಿಗೂ ಒಂದು ಹೆಣೆದುಕೊಟ್ಟರು. ಜನವರಿಯಲ್ಲಿ ಅವನ ಅಪಾರ್ಟ್‌ಮೆಂಟ್‌ಗೆ ಹೋದಾಗ ಗೇಟಿನಲ್ಲಿದ್ದ ನೈಟ್ ಸೆಕ್ಯೂರಿಟಿ ಅಣ್ಣನ ತಲೆ ಮೇಲೆ ಅದೇ ಟೊಪ್ಪಿ ಇತ್ತು. ಭಾನುವಾರ ಆರಾಧನೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಪಾಸ್ಟರ್, ನಾನು ಹೆಣೆದಿದ್ದು ಅವನಿಗೆ. ಅವನು ಒಂದು ಮಾತೂ ಹೇಳದೆ ಕೊಟ್ಟುಬಿಟ್ಟಿದ್ದಾನೆ. ಕೊಟ್ಟ ಮೇಲೆ ಅದು ಪೂರ್ತಿ ಅವನದೇನಾ? ನನ್ನದು ಅಂತ ಅದರಲ್ಲಿ ಏನೂ ಉಳಿಯಲ್ವಾ?"

"ಬಿಟ್ಟುಬಿಡಿ ಆಂಟಿ, ಪಾಪ ಚಳಿಯಲ್ಲಿ ಕೂತಿರೋರಿಗೆ ಉಪಯೋಗ ಆಯ್ತಲ್ಲ" ಅಂತ ಹೇಳಿ ಮುಗಿಸಬಹುದಿತ್ತು. ಲೂಕ 3ನೇ ಅಧ್ಯಾಯದಲ್ಲಿ ಸ್ನಾನಿಕನಾದ ಯೋಹಾನ, ಎರಡು ಅಂಗಿ ಇರೋರು ಒಂದನ್ನು ಇಲ್ಲದವರ ಜೊತೆ ಹಂಚಿಕೊಳ್ಳಬೇಕು ಅಂತ ಕಲಿಸ್ತಾನೆ. ವಾಕ್ಯ ಆ ಹುಡುಗನ ಪರವಾಗಿಯೇ ಇದೆ. ಆದರೂ ಆಂಟಿಯ ಪ್ರಶ್ನೆ ಅಷ್ಟು ಸುಲಭವಾಗಿ ಮುಗಿಯೋದಲ್ಲ.

ಯಾಕಂದ್ರೆ ಟೊಪ್ಪಿ ಹೆಣೆಯೋದು ಏನು ಅಂತ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ನಾನು ಆಂಟಿ ಹತ್ರಾನೇ ಕೇಳಿ ತಿಳ್ಕೊಂಡೆ. ದೊಡ್ಡವರ ತಲೆಯ ಸುತ್ತಳತೆ ಸುಮಾರು 56 ಸೆಂಟಿಮೀಟರ್. ಟೊಪ್ಪಿಯನ್ನು ಅದಕ್ಕಿಂತ ನಾಲ್ಕೈದು ಸೆಂಟಿಮೀಟರ್ ಕಮ್ಮಿ ಹೆಣೀಬೇಕು, ಅಂಚು ಹಿಗ್ಗಿ ತಲೆಗೆ ಕಚ್ಚಿಕೊಳ್ಳಲಿ ಅಂತ. ಅಂಚಿಗೆ ಒಂದು ಸೀದಾ, ಒಂದು ಉಲ್ಟಾ. ದಪ್ಪ ಉಲ್ಲನ್ ಆದ್ರೆ ಒಂದು ಸುತ್ತಿಗೆ 90 ಕುಣಿಕೆ, ಅಂಥ ಸುತ್ತು ಐವತ್ತು ಅರವತ್ತು. ಲೆಕ್ಕ ಹಾಕಿದ್ರೆ ಹತ್ತಿರ ಹತ್ತಿರ 5,000 ಕುಣಿಕೆ. (5,000 ಅಂದ ತಕ್ಷಣ ರೊಟ್ಟಿ ಮೀನಿಗೆ ಹೋಗಬೇಡಿ, ಅದು ಬೇರೆ ಪ್ರಸಂಗ.) ಒಂದು ಕುಣಿಕೆ ಜಾರಿದ್ರೆ ಅದರ ಕೆಳಗಿನವೂ ಸಾಲಾಗಿ ಬಿಚ್ಚಿಕೊಳ್ಳುತ್ತವೆ. ಅಂಗಡಿಯ ಟೊಪ್ಪಿ ಯಾರ ತಲೆಗಾದರೂ ನಡೆಯುತ್ತೆ. ಇದನ್ನು ಶುರು ಮಾಡೋವಾಗಲೇ ಒಂದು ತಲೆಯನ್ನು ಮನಸ್ಸಿನಲ್ಲಿ ಇಟ್ಕೊಂಡಿರಬೇಕು. ಹಾಗಾಗಿ "ಅದು ಬರೀ ಟೊಪ್ಪಿ ತಾನೇ" ಅನ್ನೋನಿಗೆ ಕೊಟ್ಟವರು ಯಾರು ಅಂತಲೇ ಗೊತ್ತಾಗಿಲ್ಲ.

ಈಗ ಸಮುವೇಲನಿಗೆ ಬನ್ನಿ. ಹನ್ನಳು ಪ್ರಾರ್ಥಿಸಿ ಪಡೆದ ಮಗನನ್ನು ಶೀಲೋವಿನಲ್ಲಿ ದೇವರಿಗೆ ಒಪ್ಪಿಸಿಬಿಟ್ಟಿದ್ದಾಳೆ. ವರ್ಷಕ್ಕೊಮ್ಮೆ ಗಂಡನ ಜೊತೆ ಯಜ್ಞಕ್ಕೆ ಹೋಗುವಾಗ ಅವನಿಗೊಂದು ಚಿಕ್ಕ ನಿಲುವಂಗಿ ಮಾಡಿಕೊಂಡು ಹೋಗ್ತಾಳೆ. ಸ್ವಲ್ಪ ಯೋಚಿಸಿ. ಮಗ ಕಣ್ಣೆದುರು ಇಲ್ಲ. ಎಷ್ಟು ಬೆಳೆದಿದ್ದಾನೋ ಗೊತ್ತಿಲ್ಲ. ಅಳತೆಯೆಲ್ಲ ಅಂದಾಜು. ಹುಟ್ಟಿದ ಮಗುವಿನ ತಲೆ ಸುಮಾರು 35 ಸೆಂಟಿಮೀಟರ್ ಇರುತ್ತೆ, ಒಂದು ವರ್ಷ ತುಂಬೋಷ್ಟರಲ್ಲಿ 45, 46 ಆಗುತ್ತೆ. ಮಕ್ಕಳಿಗೆ ಟೊಪ್ಪಿ ಹೆಣೆಯೋರಿಗೆ ಈ ಅಂದಾಜಿನ ಕಷ್ಟ ಚೆನ್ನಾಗಿ ಗೊತ್ತು. ಅದೇ ಅಧ್ಯಾಯದಲ್ಲಿ ಏಲಿಯ ಮಕ್ಕಳ ಕಥೆಯೂ ಇದೆ. ಅವರು ಆಳಿನ ಕೈಗೆ ಮೂರು ಮುಳ್ಳಿನ ಕೊಂಡಿ ಕೊಟ್ಟು ಕಳಿಸಿ, ಜನರ ಪಾತ್ರೆಯಿಂದ ಮಾಂಸ ಎತ್ತಿಸ್ತಿದ್ದರು, ಕೊಡದಿದ್ರೆ ಬಲವಂತ. ಒಂದೇ ಆಲಯದ ಅಂಗಳದಲ್ಲಿ ಒಂದು ಕೈ ಕಿತ್ಕೊಳ್ಳುತ್ತೆ, ಇನ್ನೊಂದು ಕೈ ಕೊಟ್ಟು ಊರಿಗೆ ವಾಪಸ್ ಹೋಗುತ್ತೆ. ಕಳೆದ ವರ್ಷದ ಅಂಗಿ ಏನಾಯ್ತು ಅಂತ ಹನ್ನಳು ಕೇಳಿದ್ದು ಎಲ್ಲೂ ಬರೆದಿಲ್ಲ.

ರೋಮಾಪುರದವರಿಗೆ 4:4. ಕೆಲಸ ಮಾಡಿದವನಿಗೆ ಸಿಗೋ ಕೂಲಿ ಉಡುಗೊರೆ ಅಲ್ಲ, ಅದು ಅವನಿಗೆ ಬರಬೇಕಾದದ್ದು ಅಂತ ಪೌಲ ಅಲ್ಲಿ ವಾದಿಸ್ತಾನೆ. ಇದನ್ನು ತಿರುಗಿಸಿ ನೋಡಿ. ನಾನು ಕೊಟ್ಟ ಉಡುಗೊರೆಯಲ್ಲಿ ನನ್ನ 5,000 ಕುಣಿಕೆಯನ್ನು ಎಣಿಸೋಕೆ ಶುರು ಮಾಡಿದ ಕ್ಷಣ ಅದು ಕೂಲಿ ಆಗುತ್ತೆ. ತಗೊಂಡವನು ಸಾಲಗಾರ ಆಗ್ತಾನೆ. ಅವನು ಹಾಕ್ಕೊಂಡು ಓಡಾಡಬೇಕು, ಫೋಟೋ ಕಳಿಸಬೇಕು, ನಾನು ಬಂದಾಗ ತಲೆ ಮೇಲಿರಬೇಕು. ಅದು ಕಂತು ಕಟ್ಟಿದ ಹಾಗೆ.

ಇದು ಟೊಪ್ಪಿಗೆ ನಿಲ್ಲಲ್ಲ ಅಂತ ನಿಮಗೇ ಗೊತ್ತು. "ನಿನಗೋಸ್ಕರ ಎಷ್ಟು ಮಾಡಿದ್ದೀನಿ" ಅನ್ನೋ ಮಾತು ಕೇಳಿ ಬೆಳೆದವರು ಇಲ್ಲಿ ಎಷ್ಟು ಜನ? ಕೈ ಎತ್ತೋದು ಬೇಡ, ಅಪ್ಪ ಅಮ್ಮ ಕೂಡ ಇಲ್ಲೇ ಕೂತಿದ್ದಾರೆ. ಓದು, ಕೆಲಸ, ಮದುವೆ, ಎಲ್ಲದಕ್ಕೂ ಹಳೆಯ ಪ್ರೀತಿಯ ಬಿಲ್ ಹೊರಗೆ ಬರುತ್ತೆ. ಅದಕ್ಕಿಂತ ದೊಡ್ಡ ತೊಂದರೆ ಏನಂದ್ರೆ, ನಾವು ದೇವರನ್ನೂ ಹಾಗೇ ನೋಡ್ತೀವಿ. ಶಿಲುಬೆಯನ್ನೇ ಬಿಲ್ ಮಾಡಿ ಮುಖಕ್ಕೆ ಹಿಡಿಯೋ ಪ್ರಸಂಗಗಳನ್ನು ನಾನೂ ಕೇಳಿದ್ದೀನಿ: ಅವನು ನಿನಗೋಸ್ಕರ ಸತ್ತ, ನೀನು ಏನು ಕೊಟ್ಟೆ? ಆ ಭಯದಲ್ಲಿ ಎಷ್ಟೋ ಮಕ್ಕಳು ಉಪವಾಸ ಮಾಡ್ತಾರೆ, ದಶಮಾಂಶ ಹಾಕ್ತಾರೆ, ಒಳಗೆ ಮಾತ್ರ ಸಮಾಧಾನ ಇಲ್ಲ. "ಕ್ರಯಕ್ಕೆ ಕೊಂಡವರು ಅಂತ ಕೊರಿಂಥದವರಿಗೆ ಬರೆದಿದೆಯಲ್ಲ ಪಾಸ್ಟರ್" ಅಂತ ಯಾರಾದ್ರೂ ಕೇಳ್ತೀರಿ. ಹೌದು, ಬರೆದಿದೆ. ನಾವು ಆತನವರೇ. ಆದರೆ ಆತನು ಕ್ರಯ ಕಟ್ಟಿ ಮುಗಿಸಿದ್ದಾನೆ, ನಮಗೆ ಸಾಲವಾಗಿ ಕೊಟ್ಟಿಲ್ಲ. ಆಮೆನ್ ಹೇಳ್ತೀರಾ? ಹಿಂದಿನ ಸಾಲು ಕೇಳಿಸ್ತಿಲ್ಲ.

ಹಾಗಾದ್ರೆ ತಗೊಂಡವನ ಮೇಲೆ ಏನೂ ಇಲ್ವಾ? ಇದೆ ಅಂತೀನಿ ನಾನು. ಹಾಕ್ಕೊಳ್ಳಲೇಬೇಕು ಅಂತಿಲ್ಲ. ಆ ಹುಡುಗ ದಿನಾ ಬೈಕಿನಲ್ಲಿ ಆಫೀಸಿಗೆ ಹೋಗೋನು. ನೆತ್ತಿ ಮೇಲೆ ಉಲ್ಲನ್ ಚೆಂಡು ಇರೋ ದಪ್ಪ ಟೊಪ್ಪಿ ಹೆಲ್ಮೆಟ್ ಒಳಗೆ ಹಿಡಿಸಲ್ಲ. ಸೆಕ್ಯೂರಿಟಿ ಅಣ್ಣನಿಗೆ ಕೊಟ್ಟಿದ್ದು ಒಳ್ಳೇದೇ ಆಯ್ತು. ಆದರೆ "ಅತ್ತೆ, ಹೆಲ್ಮೆಟ್ ಒಳಗೆ ಹೋಗ್ತಿಲ್ಲ, ಗೇಟಿನ ಅಣ್ಣ ರಾತ್ರಿಯೆಲ್ಲ ಚಳಿಯಲ್ಲಿ ಕೂತಿರ್ತಾರೆ, ಅವರಿಗೆ ಕೊಡ್ಲಾ?" ಅಂತ ಒಂದು ಫೋನ್ ಮಾಡಬಹುದಿತ್ತು. ಕೊಡೋ ಆನಂದದಲ್ಲಿ ಅವರಿಗೂ ಪಾಲು ಸಿಗ್ತಿತ್ತು. ಅವನು ಮುಚ್ಚಿಟ್ಟಿದ್ದು ಸಾಲಗಾರನ ಭಯದಿಂದ. ಆ ಭಯ ಯಾಕೆ ಬಂತು ಅನ್ನೋದನ್ನ ಆಂಟಿ ಯೋಚಿಸ್ಬೇಕು. ಅವರಿಗೂ ಇದನ್ನೇ ಹೇಳಿದೆ. ಅವರಿಗೆ ಅಷ್ಟು ಇಷ್ಟ ಆಗಲಿಲ್ಲ.

ಇನ್ನೊಂದು ಭಾಗ ನೋಡಿ ಬಿಡ್ತೀನಿ, ಅಪೊಸ್ತಲರ ಕೃತ್ಯಗಳು 9. ಯೊಪ್ಪದ ತಬಿಥಾ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ "ಶಿಷ್ಯೆ" ಅನ್ನೋ ಸ್ತ್ರೀಲಿಂಗ ಪದ ಬರೋದು ಒಂದೇ ಸಲ, ಅದು ಇವಳಿಗೆ. ಅವಳು ಪ್ರಸಂಗ ಮಾಡಿದ ದಾಖಲೆ ಇಲ್ಲ, ಅಂಗಿ ಮಾಡಿದ ದಾಖಲೆ ಇದೆ. ಅವಳು ಸತ್ತು ಮೇಲಂತಸ್ತಿನಲ್ಲಿ ಮಲಗಿದ್ದಾಗ ವಿಧವೆಯರು ಅಳುತ್ತಾ, ಅವಳು ಮಾಡಿದ ಬಟ್ಟೆಗಳನ್ನು ಪೇತ್ರನಿಗೆ ತೋರಿಸ್ತಾರೆ. ಅಲ್ಲಿರೋ ಕ್ರಿಯಾಪದವನ್ನು ನೋಡಿ, ಅವರು ತಮ್ಮ ಮೈ ಮೇಲಿದ್ದ ಬಟ್ಟೆಗಳನ್ನೇ ತೋರಿಸಿರಬಹುದು ಅಂತ ಕೆಲವು ವ್ಯಾಖ್ಯಾನಕಾರರು ಹೇಳ್ತಾರೆ. ತೋರಿಸಿ ಅಂತ ಕೇಳೋಕೆ ತಬಿಥಾಗೆ ಆಗ ಬಾಯಿರಲಿಲ್ಲ. ಪೇತ್ರ ಮೊಣಕಾಲೂರಿ ಪ್ರಾರ್ಥಿಸ್ತಾನೆ, ಅವಳು ಕಣ್ಣು ತೆರೆದು ಎದ್ದು ಕೂತ್ಕೊಳ್ತಾಳೆ. ಅವಳ ಬಾಯಿಂದ ಒಂದು ಮಾತೂ ಲೂಕ ಬರೆದಿಲ್ಲ. ಆ ಅಂಗಿಗಳು ಆಮೇಲೆ ಯಾರ್ಯಾರ ಮೈ ಮೇಲೆ ಹೋದವೋ, ಅದನ್ನೂ ಬರೆದಿಲ್ಲ. ಮುಂದಿನ ಚಳಿಗಾಲಕ್ಕೆ ಅವಳು ಮತ್ತೆ ಸೂಜಿ ಹಿಡಿದಳು ಅಂತ ನನಗಂತೂ ಅನ್ನಿಸುತ್ತೆ.

ಕೀಬೋರ್ಡ್ ಬ್ರದರ್, ಬನ್ನಿ. ಎಲ್ಲರೂ ಎದ್ದು ನಿಲ್ಲಿ, ಪ್ರಾರ್ಥಿಸೋಣ.